ಬರ್ಲಿನ್ ಗೋಡೆ: ಮಾವ ಒಂದು ಹೇಳ್ತಾರೆ, ಪಕ್ಕದ ಮನೆ ಅಜ್ಜಿ ಇನ್ನೊಂದು

ಪ್ರಶ್ನೆ: "ನಾವು ಶಿವಮೊಗ್ಗದವರು. ನಮ್ಮ ಯಜಮಾನರ ಕೆಲಸದ ಮೇಲೆ ಬರ್ಲಿನ್‌ಗೆ ಬಂದು ಒಂದೂವರೆ ವರ್ಷವಾಯಿತು. ಊರಿನ ಪೂರ್ವ ಭಾಗದಲ್ಲಿ, ಕಮ್ಯುನಿಸ್ಟ್ ಕಾಲದಲ್ಲಿ ಕಟ್ಟಿದ ಹನ್ನೊಂದು ಅಂತಸ್ತಿನ ಕಟ್ಟಡದಲ್ಲಿ ಬಾಡಿಗೆಗೆ ಇದ್ದೇವೆ. 11 ವರ್ಷದ ಮಗಳಿಗೆ ಶಾಲೆಯಲ್ಲಿ 'ಗೋಡೆ ಯಾಕೆ ಕಟ್ಟಿದರು' ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಪಕ್ಕದ ಮನೆ ಅಜ್ಜಿಗೆ 75 ವರ್ಷ, ಹುಟ್ಟಿ ಬೆಳೆದದ್ದು ಇದೇ ಊರಲ್ಲಿ. ಕೆಲಸ ಹೋಗುತ್ತೆ, ಬಾಡಿಗೆ ಏರುತ್ತೆ ಅನ್ನೋ ಭಯ ಆಗ ಇರಲಿಲ್ಲ, ಆ ಕಾಲ ನೀವಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ ಅನ್ನುತ್ತಾರೆ. ಪಶ್ಚಿಮ ಭಾಗದಲ್ಲಿ ಬೆಳೆದ ಯಜಮಾನರ ಸಹೋದ್ಯೋಗಿ ಅದೊಂದು ಜೈಲು, ಅಮೆರಿಕ ಬಂದು ಬೀಗ ಒಡೆಯಿತು ಅನ್ನುತ್ತಾರೆ. ಊರಿನಿಂದ ಫೋನ್ ಮಾಡುವ ನಮ್ಮ ಮಾವ ಕಾರ್ಮಿಕ ಸಂಘದಲ್ಲಿ ಜೀವನ ಸವೆಸಿದವರು. ಪಶ್ಚಿಮದ ಗೂಢಚಾರರನ್ನು ತಡೆಯೋಕೆ ಗೋಡೆ ಕಟ್ಟಿದ್ದು, ಉಳಿದಿದ್ದೆಲ್ಲ ಅಮೆರಿಕದ ಪ್ರಚಾರ ಅನ್ನುತ್ತಾರೆ. ಯಾರ ಮಾತು ನಿಜ? ಅಮೆರಿಕದಂಥ ದೇಶ ಆವತ್ತು ಸುಮ್ನೆ ನೋಡ್ತಾ ಯಾಕೆ ನಿಂತಿತು? ಮಗಳು ಅಜ್ಜಿಯನ್ನೇ ಸಂದರ್ಶನ ಮಾಡ್ತೀನಿ ಅಂತಿದ್ದಾಳೆ, ಬಿಡಬಹುದಾ?"

ಉತ್ತರ: ಮೂವರಲ್ಲಿ ಯಾರೂ ಬೇಕಂತ ಸುಳ್ಳು ಹೇಳುತ್ತಿಲ್ಲ. ಆದರೆ ಗೋಡೆ ಯಾಕೆ ಕಟ್ಟಿದರು ಅನ್ನುವ ಪ್ರಶ್ನೆಗೆ ನಿಮ್ಮ ಮಾವನವರ ಉತ್ತರ ತಪ್ಪು. ಗೋಡೆ ಹೇಗೆ ಬಿತ್ತು ಅನ್ನುವುದಕ್ಕೆ ಸಹೋದ್ಯೋಗಿಯ ಉತ್ತರವೂ ತಪ್ಪೇ. ಅಜ್ಜಿ ಹೇಳುತ್ತಿರುವುದು ಬೇರೆಯೇ ಪ್ರಶ್ನೆಗೆ ಉತ್ತರ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಭೂಪಟ ತೆಗೆಯಿರಿ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು. ಪ್ರತಿ ವರ್ಷವೂ ಎರಡು ಜರ್ಮನಿಗಳ ಗಡಿ ಬರೆದು ಬರ್ಲಿನ್ ಗುರುತಿಸಿ ಅಂದರೆ ಅರ್ಧ ಕ್ಲಾಸು ಅದನ್ನು ಗಡಿಗೆರೆಯ ಮೇಲೇ ಇಡುತ್ತಿತ್ತು. ಬರ್ಲಿನ್ ಗಡಿಯಲ್ಲಿ ಇರಲಿಲ್ಲ. ಗಡಿಯಿಂದ ಸುಮಾರು 160 ಕಿಲೋಮೀಟರ್ ಒಳಗೆ, ಪೂರ್ತಿಯಾಗಿ ಕಮ್ಯುನಿಸ್ಟ್ ಪೂರ್ವ ಜರ್ಮನಿಯ ನಡುವೆ ಇತ್ತು. ಆ ಊರಿನ ಪಶ್ಚಿಮ ಭಾಗ ಮಾತ್ರ ಅಮೆರಿಕ, ಬ್ರಿಟನ್, ಫ್ರಾನ್ಸ್ ಕೈಯಲ್ಲಿತ್ತು. ಅಂದರೆ ಗೋಡೆ ಊರನ್ನು ಎರಡು ಹೋಳು ಮಾಡಿದ ನೇರ ಗೆರೆಯಲ್ಲ, ಪಶ್ಚಿಮ ಬರ್ಲಿನ್‌ನ ಸುತ್ತ ಹಾಕಿದ ಬೇಲಿ. ಒಟ್ಟು ಉದ್ದ 155 ಕಿಲೋಮೀಟರ್. ಅದರಲ್ಲಿ ಊರಿನ ಎರಡು ಭಾಗಗಳ ಮಧ್ಯೆ ಇದ್ದದ್ದು 43 ಕಿಲೋಮೀಟರ್ ಅಷ್ಟೇ. ಬೇಲಿಯ ಒಳಗಿದ್ದವರು ಪಶ್ಚಿಮದ ಕಡೆ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು, ಹೊರಗಿದ್ದವರು ಸಿಕ್ಕಿಬಿದ್ದಿದ್ದರು. ನಿಮ್ಮ ಮಗಳಿಗೆ ಇಷ್ಟು ಅರ್ಥವಾದರೆ ಪ್ರಾಜೆಕ್ಟ್ ಅರ್ಧ ಮುಗಿದ ಹಾಗೆ.

ಇಂಥ ವಿಚಿತ್ರ ಯಾಕಾಯಿತು? ಹಿಟ್ಲರ್ ಸೋಲುವ ಮುಂಚೆಯೇ, 1944ರಲ್ಲಿ, ಗೆಲ್ಲಲಿರುವವರು ಕೂತು ಜರ್ಮನಿಯನ್ನು ಕಾಗದದ ಮೇಲೆ ಹಂಚಿಕೊಂಡಿದ್ದರು. ರಾಜಧಾನಿ ಸೋವಿಯತ್ ಪಾಲಿನ ಒಳಗೆ ಬಿತ್ತು. ರಾಜಧಾನಿ ಅಂದಮೇಲೆ ಎಲ್ಲರಿಗೂ ಪಾಲು ಬೇಕಲ್ಲ, ಅದನ್ನೂ ಹಂಚಿಕೊಂಡರು. ಆಗ ಅವರೆಲ್ಲ ಒಂದೇ ಕಡೆಯವರು. ಮೂರ್ನಾಲ್ಕು ವರ್ಷದಲ್ಲಿ ಮುಖ ನೋಡದ ಹಾಗೆ ಆಗುತ್ತೇವೆ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ. 1945ರ ಕೊನೆಯಲ್ಲಿ ವಿಮಾನಗಳಿಗೆ ಮೂರು ಆಕಾಶಮಾರ್ಗ ಅಂತ ಬರೆದುಕೊಂಡರು. ರಸ್ತೆ, ರೈಲಿನ ಹಕ್ಕಿಗೆ ಮಾತ್ರ ಅಂಥ ಗಟ್ಟಿ ಬರಹ ಇರಲಿಲ್ಲ. ಕರಾರುಪತ್ರ ಬರೆಯುವಾಗ ದಾರಿಯ ಹಕ್ಕು ಬರೆಸಿಕೊಳ್ಳದೆ ಒಳಗಿನ ಜಮೀನು ತಗೊಂಡವರ ಪಾಡು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು, ಅಲ್ವಾ? ಇಲ್ಲಿಯೂ ಅದೇ ಆಯಿತು.

1948ರ ಜೂನ್‌ನಲ್ಲಿ ಪಶ್ಚಿಮದವರು ತಮ್ಮ ಭಾಗದಲ್ಲಿ ಹೊಸ ನಾಣ್ಯ ತಂದರು, ಡಾಯ್ಚ್ ಮಾರ್ಕ್. ಹಣ ಬೇರೆಯಾದರೆ ದೇಶ ಬೇರೆಯಾದ ಹಾಗೇ ಅಂತ ಸ್ಟಾಲಿನ್‌ಗೆ ಗೊತ್ತಿತ್ತು. ಜೂನ್ 24ರಂದು ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು, ಕಾಲುವೆ ಎಲ್ಲ ಬಂದ್. ಒಳಗೆ 20 ಲಕ್ಷಕ್ಕೂ ಜಾಸ್ತಿ ಜನ. ಬರೆದುಕೊಂಡಿದ್ದ ಆಕಾಶದ ದಾರಿ ಆಗ ಉಪಯೋಗಕ್ಕೆ ಬಂತು. ಸುಮಾರು ಹದಿನೈದು ತಿಂಗಳು, 2.7 ಲಕ್ಷಕ್ಕೂ ಮೀರಿದ ಹಾರಾಟ, 23 ಲಕ್ಷ ಟನ್ ಸಾಮಾನು. ಊಟಕ್ಕಿಂತ ಕಲ್ಲಿದ್ದಲೇ ಜಾಸ್ತಿ, ಏಕೆಂದರೆ ಆ ಊರಿನ ಚಳಿ ಹೇಗಿರುತ್ತೆ ಅಂತ ನಿಮಗೀಗ ಅನುಭವವಾಗಿದೆ. ಮಕ್ಕಳಿಗೆ ಅಂತ ಪೈಲಟ್‌ಗಳು ಕರವಸ್ತ್ರದ ಪುಟ್ಟ ಪ್ಯಾರಾಚೂಟ್ ಕಟ್ಟಿ ಚಾಕೊಲೇಟ್ ಬೀಳಿಸುತ್ತಿದ್ದರು. ಆ ವಿಮಾನಗಳಿಗೆ ಬರ್ಲಿನ್ ಜನ ಇವತ್ತಿಗೂ 'ಒಣದ್ರಾಕ್ಷಿ ಬಾಂಬರ್' ಅನ್ನುತ್ತಾರೆ. ಮೂರು ವರ್ಷದ ಹಿಂದೆ ಇದೇ ಊರಿನ ಮೇಲೆ ನಿಜವಾದ ಬಾಂಬು ಸುರಿದ ದೇಶಗಳ ವಿಮಾನಗಳೇ ಅವು. 1949ರ ಮೇ 12ಕ್ಕೆ ಸ್ಟಾಲಿನ್ ದಾರಿ ಬಿಟ್ಟ, ವಿಮಾನಗಳು ಮಾತ್ರ ಸೆಪ್ಟೆಂಬರ್‌ವರೆಗೂ ಹಾರಿದವು. ಅದೇ ವರ್ಷ ಎರಡು ಜರ್ಮನಿಗಳು ಹುಟ್ಟಿದವು.

ಈಗ ಗೋಡೆಯ ವಿಷಯ. 1952ರಲ್ಲಿ ಪೂರ್ವ ಜರ್ಮನಿ ಪಶ್ಚಿಮದ ಜೊತೆಗಿನ ಉದ್ದನೆಯ ಗಡಿಗೆ ಬೇಲಿ ಹಾಕಿತು. ಬರ್ಲಿನ್ ಮಾತ್ರ ನಾಲ್ಕು ದೇಶಗಳ ಊರು, ಅಲ್ಲಿ ಓಡಾಟ ನಿಲ್ಲಿಸಿರಲಿಲ್ಲ. ಲೋಕಲ್ ರೈಲಿನ ಟಿಕೆಟ್ ತಗೊಂಡು ಪೂರ್ವದಲ್ಲಿ ಹತ್ತಿ ಪಶ್ಚಿಮದಲ್ಲಿ ಇಳಿದರೆ ಮುಗಿಯಿತು. ಅಲ್ಲಿ ನಿರಾಶ್ರಿತರ ಶಿಬಿರದಲ್ಲಿ ಹೆಸರು ಬರೆಸಿದರೆ ವಿಮಾನದಲ್ಲಿ ಪಶ್ಚಿಮ ಜರ್ಮನಿಗೆ. ಕೊಡದಲ್ಲಿ ಒಂದು ತೂತು ಅಂದುಕೊಳ್ಳಿ. 1949ರಿಂದ 1961ರವರೆಗೆ ಸುಮಾರು 27 ಲಕ್ಷ ಜನ ಹೋದರು. ಇಡೀ ದೇಶದ ಜನಸಂಖ್ಯೆಯೇ 1.7 ಕೋಟಿ. ಹೋದವರೂ ಯಾರು? ಅರ್ಧದಷ್ಟು 25 ವರ್ಷದ ಒಳಗಿನವರು. ಡಾಕ್ಟರು, ಎಂಜಿನಿಯರು, ಮೇಷ್ಟ್ರು, ಕುಶಲ ಕೆಲಸಗಾರರು. ಸರ್ಕಾರದ ಖರ್ಚಿನಲ್ಲಿ ಓದಿ ಒಂದು ಬೆಳಿಗ್ಗೆ ಕಾಣೆಯಾಗುತ್ತಿದ್ದರು.

ಯಾಕೆ ಹೋದರು? ಬರೀ ಹಣಕ್ಕೆ ಅಂದರೆ ಪೂರ್ತಿ ನಿಜವಲ್ಲ. 1953ರಲ್ಲಿ ಅದೇ ಕೂಲಿಗೆ ಹತ್ತು ಪರ್ಸೆಂಟ್ ಜಾಸ್ತಿ ಕೆಲಸ ಮಾಡಬೇಕು ಅಂತ ಸರ್ಕಾರ ಹೇಳಿತು. ಜೂನ್ 16ಕ್ಕೆ ಬರ್ಲಿನ್‌ನ ಸ್ಟಾಲಿನ್ ಅಲೀ ಅನ್ನುವ ದೊಡ್ಡ ಬೀದಿಯಲ್ಲಿ ಕಟ್ಟಡ ಕೆಲಸದವರು ಸಲಕರಣೆ ಕೆಳಗಿಟ್ಟು ನಡೆದರು, ಮರುದಿನ ನೂರಾರು ಊರುಗಳಲ್ಲಿ ಮುಷ್ಕರ. ಸೋವಿಯತ್ ಟ್ಯಾಂಕ್‌ಗಳು ಬಂದವು, ಕನಿಷ್ಠ 55 ಜನ ಸತ್ತರು. ನಿಮ್ಮ ಮಾವನವರು ಕಾರ್ಮಿಕ ಸಂಘದವರು ಅಂದಿರಲ್ಲ, ಅವರಿಗೆ ಈ ಘಟನೆ ಹೇಳಿ. ಅವರಂಥ ಮನುಷ್ಯ ಅಲ್ಲಿದ್ದಿದ್ದರೆ ಆವತ್ತು ಮೆರವಣಿಗೆಯ ಮುಂದೆಯೇ ಇರುತ್ತಿದ್ದರು.

ಆದರೆ ಮಾವನವರ ಮಾತಿನಲ್ಲಿ ತಿರುಳೇ ಇಲ್ಲ ಅಂದುಕೊಳ್ಳಬೇಡಿ. ಬರ್ಲಿನ್ ನಿಜವಾಗಿಯೂ ಗೂಢಚಾರರ ಸಂತೆಯಾಗಿತ್ತು. 1955ರಲ್ಲಿ ಅಮೆರಿಕ, ಬ್ರಿಟನ್ ಸೇರಿ ಪಶ್ಚಿಮದಿಂದ ಸೋವಿಯತ್ ಭಾಗದ ಕೆಳಗೆ ಸುರಂಗ ತೋಡಿ ಟೆಲಿಫೋನ್ ತಂತಿಗೆ ಕಿವಿಯಿಟ್ಟಿದ್ದವು. ಸುಮಾರು ಹನ್ನೊಂದು ತಿಂಗಳು ಕೇಳಿಸಿಕೊಂಡವು. ತಮಾಷೆ ಏನೆಂದರೆ, ಬ್ರಿಟಿಷ್ ಗುಪ್ತಚರ ಇಲಾಖೆಯೊಳಗೇ ಇದ್ದ ಜಾರ್ಜ್ ಬ್ಲೇಕ್ ಅನ್ನುವವನಿಂದ ಸೋವಿಯತ್ ಕಡೆಯವರಿಗೆ ಆ ಸುರಂಗದ ವಿಷಯ ತೋಡುವ ಮುಂಚೆಯೇ ಗೊತ್ತಿತ್ತು, ಆದರೂ ಅವನ ಗುಟ್ಟು ರಟ್ಟಾಗಬಾರದು ಅಂತ ಸುಮ್ಮನಿದ್ದರು. ಇನ್ನೊಂದು ವಿಷಯವೂ ಇದೆ. ಪಶ್ಚಿಮದ ಮಾರ್ಕ್‌ಗೆ ಬೆಲೆ ಜಾಸ್ತಿ ಇದ್ದುದರಿಂದ ಆ ಕಡೆಯವರು ಈ ಕಡೆ ಬಂದು ಸರ್ಕಾರ ಅಗ್ಗಕ್ಕೆ ಕೊಡುತ್ತಿದ್ದ ಸಾಮಾನು ಕೊಂಡುಹೋಗುತ್ತಿದ್ದರು, ಕ್ಷೌರ ಕೂಡ ಇಲ್ಲೇ ಮಾಡಿಸಿಕೊಳ್ಳುತ್ತಿದ್ದರು. ಪೂರ್ವದ ಸರ್ಕಾರಕ್ಕೆ ಹೊಟ್ಟೆ ಉರಿದದ್ದರಲ್ಲಿ ಆಶ್ಚರ್ಯ ಇಲ್ಲ.

ಗೋಡೆಗೆ ಅವರು ಇಟ್ಟ ಅಧಿಕೃತ ಹೆಸರು 'ಫ್ಯಾಸಿಸ್ಟ್ ವಿರೋಧಿ ರಕ್ಷಣಾ ಕೋಟೆ'. ಮಾವನವರು ಓದಿದ್ದು ಇದನ್ನೇ. ಆ ಕಾಲದಲ್ಲಿ ಸೋವಿಯತ್ ಪುಸ್ತಕಗಳು ಕನ್ನಡದಲ್ಲೂ ಕಾಸಿಗೆ ಸಿಗುತ್ತಿದ್ದವು, ಒಳ್ಳೆ ಕಾಗದ, ಒಳ್ಳೆ ಚಿತ್ರ. ನಾನೂ ಅವನ್ನೇ ಓದಿ ದೊಡ್ಡವನಾದೆ, ಆ ಋಣ ಇಲ್ಲ ಅನ್ನುವುದಿಲ್ಲ. ಆದರೆ ಗೋಡೆಯ ವಿಷಯದಲ್ಲಿ ಒಂದು ಸರಳ ಪರೀಕ್ಷೆ ಮಾಡಬಹುದು. ಕೋಟೆ ಕಟ್ಟುವವರು ಹೊರಗಿನಿಂದ ಬರುವವರನ್ನು ತಡೆಯುವ ಹಾಗೆ ಕಟ್ಟುತ್ತಾರೆ. ಇಲ್ಲಿ ಕಾವಲು ಗೋಪುರ, ಎಚ್ಚರಿಕೆ ತಂತಿ, ವಾಹನ ಸಿಕ್ಕಿಕೊಳ್ಳುವ ಹಳ್ಳ, ಎಲ್ಲವೂ ಪೂರ್ವದಿಂದ ಓಡಿಬರುವವನನ್ನು ಹಿಡಿಯುವ ಲೆಕ್ಕದಲ್ಲಿ ಇದ್ದವು. ಪಶ್ಚಿಮ ಜರ್ಮನಿಯವರು ವೀಸಾ ತಗೊಂಡು ಒಳಗೆ ಬರಬಹುದಿತ್ತು. 1964ರ ಕೊನೆಯಿಂದಂತೂ ದಿನಕ್ಕಿಷ್ಟು ಅಂತ ಪಶ್ಚಿಮದ ಹಣ ಬದಲಾಯಿಸಿಕೊಳ್ಳಲೇಬೇಕು ಅಂತ ನಿಯಮ ಮಾಡಿ ಅದರಲ್ಲೂ ಸಂಪಾದಿಸಿದರು. ಅದೇ ವರ್ಷದಿಂದ ತಮ್ಮ ಪಿಂಚಣಿದಾರರನ್ನು ಪಶ್ಚಿಮದ ನೆಂಟರನ್ನು ನೋಡಿ ಬರಲು ಬಿಟ್ಟರು. ವಯಸ್ಸಾದವರು ವಾಪಸ್ ಬರದಿದ್ದರೂ ನಷ್ಟವಿಲ್ಲ, ಪಿಂಚಣಿ ಉಳಿಯಿತು. ಮಾವನವರಿಗೆ ಇದೊಂದೇ ಪ್ರಶ್ನೆ ಕೇಳಿ ನೋಡಿ: ಗೂಢಚಾರರ ಭಯಕ್ಕೆ ಕಟ್ಟಿದ್ದಾದರೆ ದುಡಿಯುವ ವಯಸ್ಸಿನವರನ್ನು ಮಾತ್ರ ಯಾಕೆ ಬಿಡಲಿಲ್ಲ?

ಇನ್ನು ಅಮೆರಿಕ ಯಾಕೆ ಸುಮ್ಮನಿತ್ತು ಅನ್ನುವುದು. ಇದನ್ನು 1961ರ ಬೇಸಿಗೆಯಲ್ಲಿ ಕೂತು ನೋಡಬೇಕು. ಆವತ್ತು ಒಬ್ಬೊಬ್ಬರ ಮುಂದೆ ಏನು ದಾರಿ ಇತ್ತು?

ಪೂರ್ವ ಜರ್ಮನಿಯ ನಾಯಕ ವಾಲ್ಟರ್ ಉಲ್‌ಬ್ರಿಕ್ಟ್. ಜನ ಹೋಗದ ಹಾಗೆ ಜೀವನ ಸುಧಾರಿಸುವುದು ಒಂದು ದಾರಿ. 1961ರ ಹೊತ್ತಿಗೆ ಪಶ್ಚಿಮವನ್ನು ಮೀರಿಸುತ್ತೇವೆ ಅಂತ 1958ರಲ್ಲಿ ಜಂಬ ಕೊಚ್ಚಿಕೊಂಡಿದ್ದೂ ಆಗಿತ್ತು. ಆಗಲಿಲ್ಲ. ಹೋಗುವವರು ಹೋಗಲಿ ಅಂತ ಬಿಟ್ಟರೆ ಫ್ಯಾಕ್ಟರಿ, ಆಸ್ಪತ್ರೆ ನಡೆಯುವುದಿಲ್ಲ. ಆ ಜುಲೈ ಒಂದೇ ತಿಂಗಳಲ್ಲಿ 30,000ಕ್ಕೂ ಹೆಚ್ಚು ಜನ ಹೋಗಿದ್ದರು. ಉಳಿದದ್ದು ತೂತು ಮುಚ್ಚುವುದು. ಅದಕ್ಕೆ ಮಾಸ್ಕೋದ ಒಪ್ಪಿಗೆ ಬೇಕಿತ್ತು, ಅವನು ಅದನ್ನು ಕೇಳುತ್ತಲೇ ಇದ್ದ. ಜೂನ್ 15ರಂದು ಪತ್ರಕರ್ತರ ಮುಂದೆ "ಗೋಡೆ ಕಟ್ಟುವ ಉದ್ದೇಶ ಯಾರಿಗೂ ಇಲ್ಲ" ಅಂದ. ಆ ಪತ್ರಕರ್ತೆ ಗೋಡೆಯ ಬಗ್ಗೆ ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಸ್ಟಾಲಿನ್ ನಂತರದ ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ಬೇಕಾಗಿದ್ದದ್ದು ಪಶ್ಚಿಮದವರು ಬರ್ಲಿನ್ ಬಿಟ್ಟೇ ಹೋಗುವುದು. 1958ರಿಂದ ಗಡುವು ಕೊಡುತ್ತಲೇ ಇದ್ದ. 1961ರ ಜೂನ್‌ನಲ್ಲಿ ವಿಯೆನ್ನಾದಲ್ಲಿ ಅಮೆರಿಕದ ಹೊಸ ಅಧ್ಯಕ್ಷ ಕೆನಡಿಯನ್ನು ಎರಡು ದಿನ ಜಗ್ಗಾಡಿ ನೋಡಿದ. ಆದರೆ ನಿಜವಾಗಿ ಹೊರಗೆ ತಳ್ಳಲು ಹೋದರೆ ಯುದ್ಧ, ಅದೂ ಅಣುಬಾಂಬಿನ ಯುದ್ಧ. ಗೋಡೆ ಅವನಿಗೆ ಮರ್ಯಾದೆ ಹೋಗುವ ವಿಷಯವಾದರೂ ಅಗ್ಗದ ದಾರಿ.

ಕೆನಡಿಯ ಲೆಕ್ಕ ಇನ್ನೂ ಇಕ್ಕಟ್ಟಿನದು. ಪಶ್ಚಿಮ ಬರ್ಲಿನ್‌ನಲ್ಲಿ ಮೂರೂ ದೇಶಗಳ ಸೈನಿಕರು ಸೇರಿ 12,000ದ ಆಸುಪಾಸು. ಸುತ್ತ ಸೋವಿಯತ್ ಸೈನಿಕರು ಲಕ್ಷಗಟ್ಟಲೆ. ಮುಳ್ಳುತಂತಿ ಕಿತ್ತುಹಾಕಿ ಅಂತ ಆಜ್ಞೆ ಕೊಟ್ಟರೆ, ಎದುರಿನವರು ನೂರು ಅಡಿ ಹಿಂದೆ ಇನ್ನೊಂದು ತಂತಿ ಎಳೆದರೆ ಏನು ಮಾಡುವುದು? ಅಲ್ಲೂ ಕೀಳುವುದಾ? ಎಲ್ಲಿ ನಿಲ್ಲಿಸುವುದು? ಜುಲೈ 25ರ ಭಾಷಣದಲ್ಲೇ ಅವರು ಕಾಪಾಡುತ್ತೇವೆ ಅಂದದ್ದು ಪಶ್ಚಿಮ ಬರ್ಲಿನ್ ಒಂದನ್ನೇ. ಪೂರ್ವದ ಬಗ್ಗೆ ಮಾತಿಲ್ಲ. ಕೇಳಬೇಕಾದವರಿಗೆ ಅದು ಕೇಳಿಸಿತು.

ಆಗಸ್ಟ್ 13, ಭಾನುವಾರ, ಊರು ಮಲಗಿದ್ದಾಗ ತಂತಿ ಎಳೆದರು. ಮೊದಲ ದಿನಗಳಲ್ಲಿ ಅದು ಗೋಡೆಯೇ ಅಲ್ಲ, ಬರೀ ಮುಳ್ಳುತಂತಿ. ಬ್ಲಾಕು, ಕಾಂಕ್ರೀಟು ಆಮೇಲೆ ಬಂದದ್ದು. ಪಶ್ಚಿಮ ಬರ್ಲಿನ್‌ನ ಮೇಯರ್ ವಿಲ್ಲಿ ಬ್ರಾಂಟ್ ಸಿಟ್ಟಿನಿಂದ ಕೆನಡಿಗೆ ಪತ್ರ ಬರೆದರು. ಕೆನಡಿ ಉಪಾಧ್ಯಕ್ಷ ಜಾನ್ಸನ್‌ರನ್ನೂ 1,500 ಸೈನಿಕರನ್ನೂ ಕಳಿಸಿದರು, ಅಷ್ಟೇ. ಯುದ್ಧಕ್ಕಿಂತ ಗೋಡೆಯೇ ವಾಸಿ ಅಂತ ಅವರು ಹೇಳಿದ್ದಾಗಿ ಜೊತೆಗಿದ್ದ ಸಹಾಯಕರು ನೆನಪಿಸಿಕೊಂಡಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ ಆ ವಾರ ಮಾಸ್ಕೋ, ವಾಷಿಂಗ್ಟನ್ ಎರಡೂ ಕಡೆ ಒಳಗೊಳಗೇ ನೆಮ್ಮದಿಯ ಉಸಿರು ಬಿಟ್ಟರು. ಬೆಲೆ ಕಟ್ಟಿದ್ದು ನಿಮ್ಮ ಪಕ್ಕದ ಮನೆಯವರಂಥವರು.

ಅಪಾಯ ಪೂರ್ತಿ ಹೋಗಿರಲಿಲ್ಲ ಅನ್ನಿ. ಅಕ್ಟೋಬರ್‌ನಲ್ಲಿ ಅಮೆರಿಕದ ಒಬ್ಬ ಅಧಿಕಾರಿ ಹೆಂಡತಿಯ ಜೊತೆ ಪೂರ್ವಕ್ಕೆ ಒಪೆರಾ ನೋಡಲು ಹೊರಟರು. ಗಡಿಯಲ್ಲಿ ಗುರುತಿನ ಚೀಟಿ ಕೇಳಿದರು, ಇವರು ಕೊಡಲ್ಲ ಅಂದರು. ಅದು ಬೆಳೆದು ಬೆಳೆದು 27ನೇ ತಾರೀಕು ಚೆಕ್‌ಪಾಯಿಂಟ್ ಚಾರ್ಲಿ ಅನ್ನುವ ಗಡಿ ಗೇಟಿನಲ್ಲಿ ಅಮೆರಿಕ, ಸೋವಿಯತ್ ಟ್ಯಾಂಕ್‌ಗಳು ಕೂಗಳತೆಯ ದೂರದಲ್ಲಿ ಮುಖಾಮುಖಿ, ಹದಿನಾರು ಗಂಟೆ. ಗುಟ್ಟಾಗಿ ಮಾತಾಡಿಕೊಂಡು ಒಂದೊಂದೇ ಟ್ಯಾಂಕ್ ಹಿಂದೆ ಸರಿಸಿದರು.

ಭಾರತ ಎಲ್ಲಿತ್ತು ಅಂತ ಮಗಳು ಕೇಳಬಹುದು. ತಂತಿ ಎಳೆದ ಮೂರೇ ವಾರಕ್ಕೆ ಬೆಲ್‌ಗ್ರೇಡ್‌ನಲ್ಲಿ ಅಲಿಪ್ತ ದೇಶಗಳ ಮೊದಲ ಸಮ್ಮೇಳನ ನಡೆಯಿತು. ಯುದ್ಧ ಬೇಡ, ಮಾತಾಡಿ ಅನ್ನುವ ಮನವಿ ಹೊತ್ತು ನೆಹರೂ ಮತ್ತು ಘಾನಾದ ಎನ್‌ಕ್ರುಮಾ ಮಾಸ್ಕೋಗೆ ಹೋದರು. ನಮಗೆ ಇಬ್ಬರೂ ಬೇಕಿದ್ದರು. ರೂರ್ಕೆಲಾ ಉಕ್ಕಿನ ಕಾರ್ಖಾನೆ ಪಶ್ಚಿಮ ಜರ್ಮನಿಯ ನೆರವು, ಭಿಲಾಯಿ ಸೋವಿಯತ್ ನೆರವು. ಪೂರ್ವ ಜರ್ಮನಿಯನ್ನು ದೇಶ ಅಂತ ನಾವು ಒಪ್ಪಿದ್ದು 1972ರಲ್ಲಿ, ಆ ಹೊತ್ತಿಗೆ ಎರಡು ಜರ್ಮನಿಗಳೇ ಮಾತಾಡಲು ಶುರು ಮಾಡಿದ್ದವು.

ಸಹೋದ್ಯೋಗಿಯ ಮಾತಿಗೆ ಬರೋಣ. ಜೈಲು ಅಂದದ್ದು ದೊಡ್ಡ ಉತ್ಪ್ರೇಕ್ಷೆಯೇನಲ್ಲ. ಗೋಡೆಯ ಬಳಿ ಕನಿಷ್ಠ 140 ಜನ ಸತ್ತರು. 1989ರಲ್ಲಿ ಗುಪ್ತ ಪೊಲೀಸ್ ಸ್ಟಾಸಿಯಲ್ಲಿ 91,000 ನೌಕರರಿದ್ದರು, ಬಾತ್ಮಿದಾರರು ಬೇರೆ. ಆದರೆ ಬೀಗ ಒಡೆದದ್ದು ಅಮೆರಿಕ ಅನ್ನುವುದು ಸಿನಿಮಾ ಕಥೆ. ಅಮೆರಿಕದ ಅಧ್ಯಕ್ಷ ರೇಗನ್ 1987ರಲ್ಲಿ ಗೋಡೆ ಕೆಡವಿ ಅಂತ ಭಾಷಣ ಮಾಡಿದ್ದು ಹೌದು. ಗೋಡೆ ಬಿದ್ದದ್ದು ಹಂಗೇರಿ ತನ್ನ ಗಡಿ ತೆರೆದು ಪೂರ್ವ ಜರ್ಮನಿಯವರಿಗೆ ಪಶ್ಚಿಮಕ್ಕೆ ದಾರಿ ಬಿಟ್ಟದ್ದರಿಂದ, ಸೈನ್ಯ ಇಳಿಸಲು ಸೋವಿಯತ್ ನಾಯಕ ಗೋರ್ಬಚೇವ್ ಒಪ್ಪದ್ದರಿಂದ, ಲೈಪ್‌ಜಿಗ್‌ನಲ್ಲಿ 1989ರ ಅಕ್ಟೋಬರ್ 9ರಂದು 70,000 ಜನ ಗುಂಡಿಗೆ ಹೆದರದೆ ನಡೆದದ್ದರಿಂದ. ಕೊನೆಗೆ ನವೆಂಬರ್ 9ರ ಸಂಜೆ ಶಾಬೊವ್‌ಸ್ಕಿ ಅನ್ನುವ ಪಕ್ಷದ ವಕ್ತಾರ, ಕೈಗೆ ಕೊಟ್ಟ ಚೀಟಿಯನ್ನು ಸರಿಯಾಗಿ ಓದಿಕೊಳ್ಳದೆ, ಹೊಸ ಪ್ರಯಾಣ ನಿಯಮ 'ಈಗಿನಿಂದಲೇ' ಅಂದುಬಿಟ್ಟ. ಜನ ಗೇಟಿಗೆ ನುಗ್ಗಿದರು. ಒಡೆದವರು ಪೂರ್ವದವರೇ.

ಪ್ರಜಾಪ್ರಭುತ್ವ ಒಂದು ಕಡೆ, ಸರ್ವಾಧಿಕಾರ ಒಂದು ಕಡೆ ಅಂತ ಪಠ್ಯಪುಸ್ತಕದಲ್ಲಿ ಬರೆಯುವುದೂ ಬರ್ಲಿನ್‌ಗೆ ಸರಿ, ಇಡೀ ಲೋಕಕ್ಕೆ ಅಷ್ಟು ಸರಿಯಲ್ಲ. ಪಶ್ಚಿಮದ ಸೈನಿಕ ಕೂಟ ನ್ಯಾಟೊ ಹುಟ್ಟಿದಾಗ ಸರ್ವಾಧಿಕಾರಿ ಸಾಲಜಾರ್‌ನ ಪೋರ್ಚುಗಲ್ ಸ್ಥಾಪಕ ಸದಸ್ಯ. 1953ರಲ್ಲಿ ಇರಾನಿನ ಮೊಸಾದ್ದಕ್ ಸರ್ಕಾರ ಬೀಳಿಸಿದ್ದರಲ್ಲಿ ಅಮೆರಿಕ, ಬ್ರಿಟನ್ ಕೈ ಇತ್ತು. ಮಾವನವರು ಇದನ್ನೆತ್ತಿದರೆ ಒಪ್ಪಿಕೊಂಡುಬಿಡಿ, ವಾದ ಬೇಡ. ಟೆಹರಾನಿನಲ್ಲಿ ಮಾಡಿದ ತಪ್ಪಿನಿಂದ ಬರ್ಲಿನ್ ಗೋಡೆ ಸರಿಯಾಗುವುದಿಲ್ಲ ಅಂತ ಅವರಿಗೂ ಗೊತ್ತಿರುತ್ತೆ.

ಈಗ ಅಜ್ಜಿ. ಅವರು ಗೋಡೆಯ ಬಗ್ಗೆ ಹೇಳುತ್ತಿಲ್ಲ, ತಮ್ಮ ಬದುಕಿನ ಬಗ್ಗೆ ಹೇಳುತ್ತಿದ್ದಾರೆ. ಬಾಡಿಗೆ ಅಗ್ಗ ಇತ್ತು, ನಿಜ. ಶಿಶುವಿಹಾರ ಇತ್ತು, ಹೆಂಗಸರಲ್ಲಿ ಬಹುತೇಕ ಎಲ್ಲರೂ ದುಡಿಯುತ್ತಿದ್ದರು, ಅದೂ ನಿಜ. ಟ್ರಾಬಂಟ್ ಕಾರಿಗೆ ಹತ್ತು ವರ್ಷಕ್ಕೂ ಜಾಸ್ತಿ ಕಾಯಬೇಕಿತ್ತು ಅನ್ನುವುದೂ ನಿಜ. ಅದಕ್ಕಿಂತ ಮುಖ್ಯವಾದದ್ದು 1990ರಲ್ಲಿ ಎರಡು ಜರ್ಮನಿಗಳು ಒಂದಾದ ನಂತರ ಆದದ್ದು. ಕಾರ್ಖಾನೆಗಳು ಒಂದಾದ ಮೇಲೊಂದು ಮುಚ್ಚಿದವು, ಮಧ್ಯವಯಸ್ಸಿನಲ್ಲಿ ಲಕ್ಷಾಂತರ ಜನರ ಕೆಲಸ ಹೋಯಿತು, ನಿಮಗೆ ಏನೂ ಗೊತ್ತಿಲ್ಲ ಅನ್ನುವ ಧಾಟಿಯಲ್ಲಿ ಪಶ್ಚಿಮದವರು ಬಂದು ಕುರ್ಚಿಯಲ್ಲಿ ಕೂತರು. ಆಗ ಅವರಿಗೆ ನಲವತ್ತು. 'ಅಷ್ಟೇನೂ ಕೆಟ್ಟದಿರಲಿಲ್ಲ' ಅನ್ನುವ ಮಾತಿನಲ್ಲಿ ಆ ಅವಮಾನವೂ ಸೇರಿರುತ್ತೆ.

ಸಂದರ್ಶನ ಮಾಡಬಹುದಾ ಅಂದರೆ, ಮಾಡಿ. ಆದರೆ ನಾನು ಮಾಡಿದ ತಪ್ಪು ಮಾಡಬೇಡಿ. ಸಂಶೋಧನೆಗೆ ಅಂತ ಎಂಟು ತಿಂಗಳು ಬರ್ಲಿನ್‌ನಲ್ಲಿದ್ದಾಗ ನನ್ನ ಮನೆಯ ಮಾಲೀಕರು ಪೂರ್ವದವರು. ಎರಡನೇ ದಿನವೇ ಕಾಫಿ ಕುಡಿಯುತ್ತಾ ಸ್ಟಾಸಿ ಬಗ್ಗೆ ಕೇಳಿಬಿಟ್ಟೆ. ಎರಡು ವಾರ ಮಾತು ಬಂದ್. ಆಮೇಲೊಂದು ದಿನ ಸುಮ್ನೆ, ಆಗ ಹಬ್ಬಕ್ಕೆ ಏನು ಅಡುಗೆ ಮಾಡುತ್ತಿದ್ದಿರಿ ಅಂದೆ. ಆಲ್ಬಮ್ ಹೊರಗೆ ಬಂತು, ರಾತ್ರಿ ಹನ್ನೊಂದಾದರೂ ಮುಗಿಯಲಿಲ್ಲ. 1992ರಿಂದ ಜನ ತಮ್ಮ ಸ್ಟಾಸಿ ಕಡತ ತಾವೇ ಓದಬಹುದು. ಓದಿ, ತಮ್ಮ ಮೇಲೆ ವರದಿ ಬರೆದದ್ದು ಸ್ವಂತ ಗೆಳೆಯ, ಕೆಲವು ಕಡೆ ಸ್ವಂತ ಗಂಡ ಅಂತ ತಿಳಿದವರಿದ್ದಾರೆ. ಅಜ್ಜಿಯ ಮನೆಯಲ್ಲಿ ಏನಿದೆಯೋ ನಮಗೆ ಗೊತ್ತಿಲ್ಲ. ಹನ್ನೊಂದು ವರ್ಷದ ಮಗುವಿನ ಕೈಯಲ್ಲಿ ಆ ಬಾಗಿಲು ತಟ್ಟಿಸಬೇಡಿ.

ಅದಕ್ಕೂ ಮುಂಚೆ ಮಗಳನ್ನು ಬರ್ನಾವರ್ ಬೀದಿಯ ಸ್ಮಾರಕಕ್ಕೆ ಕರೆದುಕೊಂಡು ಹೋಗಿ, ದುಡ್ಡಿಲ್ಲ. ಅಲ್ಲಿ ಮನೆ ಪೂರ್ವದಲ್ಲಿ, ಮನೆ ಮುಂದಿನ ಫುಟ್‌ಪಾತ್ ಪಶ್ಚಿಮದಲ್ಲಿ. ಜನ ಕಿಟಕಿಯಿಂದ ಹಾರಿದರು, ಕೆಲವರು ಸತ್ತರು. ಅಲ್ಲೇ ಹತ್ತಿರದ ನಾರ್ಡ್‌ಬಾನ್‌ಹೋಫ್ ನಿಲ್ದಾಣದೊಳಗೆ 'ಭೂತ ನಿಲ್ದಾಣ'ಗಳ ಪ್ರದರ್ಶನ ಇದೆ. ಪಶ್ಚಿಮದ ರೈಲು ಪೂರ್ವದ ನೆಲದಡಿ ನಿಲ್ಲದೆ ಹೋಗುತ್ತಿದ್ದ, ಮಂಕು ದೀಪದ, ಕಾವಲುಗಾರರು ಮಾತ್ರ ಇದ್ದ ನಿಲ್ದಾಣಗಳು. ಮಕ್ಕಳಿಗೆ ಅದು ತಲೆಯಲ್ಲಿ ಉಳಿಯುತ್ತೆ. ಚೆಕ್‌ಪಾಯಿಂಟ್ ಚಾರ್ಲಿ ಬೇಡ. ಅಲ್ಲಿನ ಕಾವಲು ಗೂಡು ಆಮೇಲೆ ಮಾಡಿಟ್ಟ ನಕಲು, ಸೆಲ್ಫಿ ಗದ್ದಲ.

ಆಮೇಲೆ ಅಜ್ಜಿಯ ಹತ್ತಿರ ಹೋಗಿ. ಅವರಿಗೆ ಈಗ 75 ಅಂದರೆ 1961ರಲ್ಲಿ ನಿಮ್ಮ ಮಗಳ ವಯಸ್ಸೇ. ಯಾರು ಸರಿ, ಯಾರು ತಪ್ಪು ಅಂತ ಕೇಳಿಸಬೇಡಿ. ಆ ಭಾನುವಾರ ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಯಾರ್ಯಾರಿದ್ದರು, ದೊಡ್ಡವರು ಏನು ಮಾತಾಡಿಕೊಳ್ಳುತ್ತಿದ್ದರು, ಮರುದಿನದಿಂದ ಯಾವ ಗೆಳತಿಯ ಮನೆಗೆ ಹೋಗಲಾಗಲಿಲ್ಲ, ಇಷ್ಟು ಸಾಕು. ಮಗಳೇ ಜರ್ಮನ್‌ನಲ್ಲಿ ಕೇಳಲಿ, ನೀವು ಪಕ್ಕದಲ್ಲಿ ಕೂತಿರಿ. ರೆಕಾರ್ಡ್ ಮಾಡುವುದಾದರೆ ಮೊದಲೇ ಒಪ್ಪಿಗೆ ತಗೊಳ್ಳಿ. ಬೇಡ ಅಂದರೆ ಫೋನ್ ಒಳಗಿಟ್ಟು ಕೇಳಿಸಿಕೊಳ್ಳಿ.